ಅರ್ಧ ತೋಳು

"ಕೈ ಮುಂದ ಮಾಡವ್ವಾ," ಎಂದು ಪೇದೆ ಶಿವಬಸಮ್ಮ ಕತ್ತರಿ ಎತ್ತಿದಳು. ಗಂಗಾವತಿಯ ಪರೀಕ್ಷಾ ಕೇಂದ್ರ. ಸರ್ಕಾರಿ ನೌಕರಿಯ ಪರೀಕ್ಷೆಗೆ ತುಂಬು ತೋಳಿನ ಬಟ್ಟೆ ಹಾಕಿಕೊಂಡು ಬರುವಂತಿಲ್ಲವೆಂದು ಗೇಟಿಗೇ ಚೀಟಿ ಅಂಟಿಸಿದ್ದರು. ಗೀತಾ ನೀಲಿ ಚೂಡಿದಾರದ ತೋಳುಗಳನ್ನು ಅವಚಿಕೊಂಡು ಹಿಂದೆ ಸರಿದಳು.

"ಮೇಡಂ, ಇದು ನಂದಲ್ರಿ. ಬಾಜೂ ಮನಿ ಮೆಹರಾಜ ಅಕ್ಕಂದು. ಹಬ್ಬಕ್ಕಂತ ಹೊಲಿಸ್ಯಾಳ, ಆಕೀನ ಇನ್ನೂ ತೊಟ್ಟಿಲ್ಲ. ಮಡಚಿಕೊಂಡ್ರ ನಡಿಯಂಗಿಲ್ಲೇನ್ರಿ?"

"ಇಲ್ಲವ್ವಾ. ಹತ್ತು ನಿಮಿಷಕ್ಕ ಗೇಟ್ ಹಾಕ್ತಾರ. ಲಗೂನ ಏನರ ಮಾಡು."

ಗೀತಾಳ ಕಣ್ಣು ತುಂಬಿತು. ಎರಡು ವರ್ಷ ಓದಿದ್ದು ಒಂದು ಗೇಣು ಬಟ್ಟೆಯ ಮುಂದೆ ನಿಂತುಬಿಟ್ಟಿತ್ತು. ಅಷ್ಟರಲ್ಲಿ ಅವ್ವ ಹೊಳಿಯಮ್ಮ ತನ್ನ ಕೈಚೀಲಕ್ಕೆ ಕೈ ಹಾಕಿದಳು. ಮಗಳನ್ನು ಪರೀಕ್ಷೆಗೆ ಬಿಟ್ಟು ಹಾಗೇ ಭತ್ತದ ಗದ್ದೆಗೆ ಕಳೆ ತೆಗೆಯಲು ಹೋಗುವವಳಿದ್ದಳು. ಗರಿಗಳು ಕೈ ಗೀರಬಾರದೆಂದು ಸೀರೆಯ ಮೇಲೆ ಹಾಕಿಕೊಳ್ಳುವ ಗಂಡನ ಹಳೆಯ ಅಂಗಿ ರೊಟ್ಟಿ ಗಂಟಿನ ಕೆಳಗಿತ್ತು. ಅದಕ್ಕೂ ತುಂಬು ತೋಳೇ.

"ಕತ್ತರಿ ಕೊಡ್ರಿ ಬಾಯಾರ," ಎಂದವಳೇ ಆ ಅಂಗಿಯ ಎರಡೂ ತೋಳುಗಳನ್ನು ಮೊಣಕೈ ಮೇಲಕ್ಕೆ ಚಕಚಕನೆ ಕತ್ತರಿಸಿದಳು.

"ಯವ್ವಾ, ಇದನ್ನ ಹಾಕ್ಕೊಂಡು ಹೆಂಗ ಹೋಗ್ಲಿ? ಎಲ್ಲಾರೂ ನಗ್ತಾರ!"

"ನಗಲಿ ಬಿಡು. ನೀ ಪ್ರಶ್ನಿ ಪತ್ರಿಕಿ ನೋಡು, ಅವರ ಮಾರಿ ನೋಡಬ್ಯಾಡ."

ಶಿವಬಸಮ್ಮನೇ ಹುಡುಗಿಯನ್ನು ತಪಾಸಣೆ ಕೋಣೆಗೆ ಕರೆದೊಯ್ದಳು. ಹೊರಬಂದಾಗ ಗೀತಾಳ ಮೈಯಿಂದ ಗದ್ದೆಯ ಕೆಸರಿನ ವಾಸನೆ ಬರುತ್ತಿತ್ತು. ಪಾಪ, ನಾಚಿಕೆಯಿಂದ ತಲೆ ತಗ್ಗಿಸಿಯೇ ಇದ್ದಳು. ಶಿವಬಸಮ್ಮ ಕಾಲರು ಸರಿಮಾಡಿ, "ಛಲೋ ಐತಿ, ನಡಿ," ಎಂದು ಬೆನ್ನು ತಟ್ಟಿದಳು. ಹಿಂದೆಯೇ ಗೇಟು ಮುಚ್ಚಿತು. ಹೊಳಿಯಮ್ಮ ಮಗಳು ಬಿಚ್ಚಿಕೊಟ್ಟ ನೀಲಿ ಚೂಡಿದಾರವನ್ನು ರೊಟ್ಟಿ ಗಂಟಿನ ಹಿಂಡಿ ಚಟ್ನಿಯ ಎಣ್ಣೆ ತಾಗದಂತೆ ಮಡಚಿ ಕಂಕುಳಲ್ಲಿಟ್ಟುಕೊಂಡಳು.

ಮರುದಿನ ಅದೇ ಅಂಗಿ ತೊಟ್ಟು ಹೊಳಿಯಮ್ಮ ಗದ್ದೆಗಿಳಿದಳು. ಮೊಣಕೈ ಕೆಳಗೆ ಆಗಲೇ ನಾಲ್ಕಾರು ಕೆಂಪು ಗೀರು ಎದ್ದಿದ್ದವು. ಪಕ್ಕದ ಸಾಲಿನ ಹುಲಗಮ್ಮ ಕೆಸರುಗೈಯಿಂದಲೇ ಅಂಗಿ ಜಗ್ಗಿ ನಕ್ಕಳು.

"ಏನಬೇ, ಇದರ ತೋಳು ಇಲಿ ತಿಂದಾವೇನು?"

ಹೊಳಿಯಮ್ಮ ಬಗ್ಗಿಸಿದ ಬೆನ್ನು ಎತ್ತಲಿಲ್ಲ.

"ಕೆಸರು ಹಚ್ಚಬ್ಯಾಡ, ಕೈ ತಗಿ. ನಿನ್ನಿ ಪರೀಕ್ಷಾ ಬರದು ಬಂದೈತಿ ಈ ಅಂಗಿ."