ಹೊರಗೆ ಬಂದವನು

"ನನ್ನಪ್ಪನನ್ನ ಯಾಕೆ ಹುಡುಕಲಿಲ್ಲ?"

ಮಗಳು ಮುದುಕನ ಎದುರಿಗೇ ನಿಂತುಬಿಟ್ಟಿದ್ದಳು. ಗಣಿ ನಡೆಯುತ್ತಿದ್ದಾಗ ಕೆಲಸಗಾರರಿಗೆ ದೀಪ ತುಂಬಿಸಿ ಕೊಡುತ್ತಿದ್ದವನು ಅವನು. ಬೆಟ್ಟದ ಮೇಲಿನ ಆ ಊರಿನಲ್ಲಿ ಈಗ ಬಾಗಿಲು ಕಿತ್ತ ಮನೆಗಳೂ ಅವನೂ ಮಾತ್ರ ಉಳಿದಿದ್ದರು. ಅವಳ ತಾಯಿ ದೂರ ನಿಂತಿದ್ದಳು.

ಗಣಿಯ ಬಾಯಿ ಮುಚ್ಚಲು ಬಂದವರಿಗೆ ಕೆಳಗಿನ ಸುರಂಗದಲ್ಲಿ ಮೂಳೆಗಳು ಸಿಕ್ಕಿದ್ದವು. ಪಕ್ಕದಲ್ಲಿ ಆ ತಾಯಿಯ ಗಂಡನ ಹೆಸರು ಕೆತ್ತಿದ ಗುದ್ದಲಿ. ಬಿದ್ದ ಬಂಡೆಯನ್ನು ಒಳಗಿನಿಂದ ಆಳುದ್ದ ಕೊರೆದಿದ್ದ. ಅಂದರೆ ಕುಸಿತದ ಮೇಲೂ ದಿನಗಟ್ಟಲೆ ಬದುಕಿದ್ದ.

ಅವತ್ತು ಬೀದಿಯ ಗಂಡಸರೆಲ್ಲ ಒಳಗೆ ಸಿಕ್ಕಿಬಿದ್ದರೆ, ಇವಳ ಗಂಡನೊಬ್ಬ ಹೊರಗೆ ಬಂದು ಪರಾರಿಯಾದನೆಂದು ಗಣಿಯ ಮೇಸ್ತ್ರಿ ಸಾರಿದ್ದ. ಹೇಗೆ ಗೊತ್ತು ಎಂದು ಕೇಳಲೂ ಅವಳಿಗೆ ಮುಖವಿರಲಿಲ್ಲ. ಗಂಡನನ್ನು ಕಳೆದುಕೊಂಡವರ ನಡುವೆ ತಲೆ ಎತ್ತಲಾರದೆ, ಕೂಸನ್ನು ಎತ್ತಿಕೊಂಡು ಬೆಟ್ಟ ಇಳಿದಳು. ಮಗಳಿಗೂ "ನಿಮ್ಮಪ್ಪ ಹೇಡಿ" ಎಂದೇ ಹೇಳಿ ಬೆಳೆಸಿದಳು. ಈಗ ಅದನ್ನು ನೆನೆದರೆ ನಾಚಿಕೆಯಿಂದ ಹಿಡಿಯಷ್ಟಾಗುತ್ತಿದ್ದಳು.

"ಅವತ್ತು ಕುಡಿದಿದ್ರಾ?" ಮಗಳು ಬಿಡಲಿಲ್ಲ.

"ಇಲ್ಲಮ್ಮ. ಬಿಲ್ಲೆ ನೋಡೇ ಮೇಸ್ತ್ರಿಗೆ ಹೇಳಿದ್ದು." ಮುದುಕ ದೀಪದ ಕೋಣೆಯ ಹೊರಗೋಡೆಯಲ್ಲಿದ್ದ ತುಕ್ಕು ಮೊಳೆಗಳ ಸಾಲು ತೋರಿಸಿದ. "ಒಬ್ಬೊಬ್ಬರಿಗೂ ನಂಬರ್ ಹೊಡೆದ ಹಿತ್ತಾಳೆ ಬಿಲ್ಲೆ ಇತ್ತು. ಒಳಗೆ ಹೋಗೋವಾಗ ಜೊತೆಗೆ ಒಯ್ಯಬೇಕು, ಹೊರಗೆ ಬಂದಾಗ ಇಲ್ಲಿ ನೇತುಹಾಕಬೇಕು. ಯಾರದ್ದು ಇಲ್ವೋ ಅವರನ್ನ ಹುಡುಕಿದ್ವಿ. ನಿಮ್ಮಪ್ಪಂದು ಮೊಳೆ ಮೇಲಿತ್ತು. ಹೊರಗೆ ಬಂದವನನ್ನ ಒಳಗೆ ಯಾರು ಹುಡುಕ್ತಾರೆ?"

ತಾಯಿ ಮೊದಲ ಸಲ ಬಾಯಿ ತೆರೆದಳು. "ಅದು ಹಾಜರಿಗಲ್ವಾ ಅಣ್ಣ? ಕೆಲಸಕ್ಕೆ ಬಂದೋರು ನೇತುಹಾಕೋದಲ್ವಾ?"

"ಅಲ್ಲಮ್ಮ. ಅದರ ತದ್ವಿರುದ್ಧ."

"ಇವರೇ ಯಾರದ್ದೋ ಬಿಲ್ಲೆ ಅಪ್ಪನ ಮೊಳೆಗೆ ಹಾಕಿರ್ತಾರೆ," ಮಗಳ ಕಣ್ಣು ತುಂಬಿತ್ತು. "ಹೇಳಮ್ಮ, ಇವರನ್ನ ಸುಮ್ಮನೆ ಬಿಡಬೇಕಾ?"

"ನಾನು ಮುಟ್ಟಿರಲಿಲ್ಲ," ಮುದುಕ ತಲೆ ತಗ್ಗಿಸಿದ. "ಆದರೂ ಹೊಣೆ ನಂದೇ. ಏನು ಬೇಕಾದ್ರೂ ಅನ್ನಿ."

ತಾಯಿಗೆ ಇಬ್ಬರ ಮುಖವನ್ನೂ ನೋಡಲಾಗಲಿಲ್ಲ.

ಗಣಿ ಕುಸಿದ ದಿನ ಬೆಳಿಗ್ಗೆ ಒಗೆಯಲು ತೆಗೆದ ಅಂಗಿಯ ಜೇಬಿನಲ್ಲಿ ಬಿಲ್ಲೆ ಸಿಕ್ಕಾಗ, ಮರೆಗುಳಿ ಗಂಡನ ಹಾಜರಿ ತಪ್ಪದಿರಲಿ ಎಂದು ಏದುಸಿರು ಬಿಡುತ್ತ ಗಣಿಯವರೆಗೆ ಓಡಿ, ನಂಬರ್ ಹುಡುಕಿ, ಅದನ್ನು ಮೊಳೆಗೆ ನೇತುಹಾಕಿ ಹೋದವಳು ಅವಳೇ.