ಇಳಿಯಬೇಡ ಎಂದವಳು

ಬಾವಿಯ ತಳದಲ್ಲಿ ಬಾಬು ಮಗ್ಗುಲಾಗಿ ಬಿದ್ದಿದ್ದ. ನಲವತ್ತು ಅಡಿ ಕೆಳಗೆ, ಬಂಡೆಯ ಮೇಲಿಟ್ಟ ಡೀಸೆಲ್ ಇಂಜಿನ್ನಿನ ಪಕ್ಕದಲ್ಲಿ. ಬೆಳಗಿನಿಂದ ಓಡಿ ಓಡಿ ನಿಂತುಹೋದ ಇಂಜಿನ್ ನೋಡಲೆಂದು ಹಗ್ಗ ಹಿಡಿದು ಇಳಿದವನು ಒಂದು ಮಾತೂ ಇಲ್ಲದೆ ಕುಸಿದಿದ್ದ.

ತಾಯಿ ಇಂದ್ರವ್ವ ಬಾಯಿ ಬಡಿದುಕೊಂಡಳು. ಸಲಗರೆ ಊರಿನ ಆ ಹೊಲಕ್ಕೆ ಅರ್ಧ ಓಣಿಯೇ ಓಡಿ ಬಂತು. ಎಲ್ಲರಿಗಿಂತ ಮುಂದಿದ್ದವನು ಬಾಬುವಿನ ಅಣ್ಣ ಧರೆಪ್ಪ. ಗುಡಿಯ ಮುಂದೆ ಬಯಲಾಟದ ತಾಲೀಮಿನಲ್ಲಿದ್ದವನು ಗೆಜ್ಜೆ ಕಟ್ಟಿದ ಕಾಲಲ್ಲೇ ಬಂದಿದ್ದ. ಇಪ್ಪತ್ತು ವರ್ಷಗಳಿಂದ ಊರಿನ ಆಟದಲ್ಲಿ ವೀರನ ಪಾತ್ರವೆಂದರೆ ಅವನದೇ. ಸಾವು ಗೊತ್ತಿದ್ದೂ ವೈರಿಗಳ ನಡುವೆ ಒಬ್ಬನೇ ನುಗ್ಗುವ ಅವನನ್ನು ನೋಡಲು ಮಿರಜಿನಿಂದಲೂ ಜನ ಬರುತ್ತಿದ್ದರು. ಧರೆಪ್ಪ ಅಂಗಿ ಕಳಚಿ ಎಸೆದು ಹಗ್ಗಕ್ಕೆ ಕೈ ಹಾಕಿದ.

“ಥಾಂಬಾ! ನಿಲ್ರಿ! ಇಳೀಬ್ಯಾಡ್ರಿ ಭಾವಾರ!”

ಬಾಬುವಿನ ಹೆಂಡತಿ ಯೋಗಿತಾ ದ್ರಾಕ್ಷಿ ಸಾಲುಗಳ ನಡುವಿನಿಂದ ಓಡಿ ಬಂದಳು. ಬೆಳೆಗೆ ಔಷಧ ಹೊಡೆಯುವಾಗ ಮುಖಕ್ಕೆ ಕಟ್ಟಿದ್ದ ಬಟ್ಟೆ ಕೊರಳಲ್ಲಿ ಜೋತಾಡುತ್ತಿತ್ತು. ಬಗ್ಗಿ ಕೆಳಗೆ ನೋಡಿದಳು. ಗೊರಕೆಯಂಥ ಸದ್ದು ಕೇಳಿಸಿತು. “ಉಸಿರೈತಿ” ಎಂದವಳೇ ಧರೆಪ್ಪನ ಕೈಯಿಂದ ಹಗ್ಗ ಕಿತ್ತುಕೊಂಡಳು.

“ಹುಚ್ಚ ಹಿಡದೈತೇನ ನಿನಗ? ಅಲ್ಲಿ ನನ್ನ ತಮ್ಮ ಸಾಯಾಕತ್ತಾನ!”

“ಇಂಜಿನ್ನಿನ ವಿಷಗಾಳಿ ತುಂಬೈತ್ರಿ ಒಳಗ. ಕಣ್ಣಿಗೆ ಕಾಣೂದಿಲ್ಲ. ನಮ್ಮ ತವರಾಗ ಹಿಂಗ ಒಬ್ಬಾಂವ ಬಿದ್ದ. ಅವನ್ನ ತರಾಕ ನಮ್ಮ ಕಾಕಾ ಇಳಿದ. ಕಾಕಾನ ತರಾಕ ಅವನ ಮಗ ಇಳಿದ. ಮೂರೂ ಹೆಣ ಒಂದ ದಿನ ತಗದ್ರು. ಮೊದಲ ಗಾಳಿ ಇಳೀಲಿ, ಆಮ್ಯಾಲ ಮನಷ್ಯಾರು.”

“ಗಂಡನ್ನ ನುಂಗಾಕ ನಿಂತಾಳ ನೋಡ್ರೋ!” ಇಂದ್ರವ್ವ ಸೊಸೆಯ ಸೆರಗು ಹಿಡಿದು ಜಗ್ಗಿದಳು. “ಆಕೀನ ಎಳೀರಿ ಅತ್ತಾಗ” ಎಂದು ಯಾರೋ ಕೂಗಿದರು. ಮಣ್ಣಿನ ಹೆಂಟೆಯೊಂದು ಯೋಗಿತಾಳ ಬೆನ್ನಿಗೆ ಬಡಿಯಿತು. ಅವಳು ತಿರುಗಿ ನೋಡಲಿಲ್ಲ. ಹಗ್ಗವನ್ನು ಸರಸರನೆ ಮೇಲೆಳೆದು, ಸುತ್ತಿ ಹೆಗಲಿಗೇರಿಸಿಕೊಂಡು ತೋಟದತ್ತ ಓಡಿಬಿಟ್ಟಳು. ಜನ ಒಂದು ಗಳಿಗೆ ಬೆಪ್ಪಾದರು. ಬೇರೆ ಹಗ್ಗ ತರಲು ಇಬ್ಬರು ಮನೆಯ ಕಡೆ ದೌಡಾಯಿಸಿದರು.

ಅವರು ಮರಳುವ ಮುಂಚೆಯೇ ಟ್ರ್ಯಾಕ್ಟರ್ ಬಂತು. ಬದು ಹಾರಿ, ಎದೆಯೆತ್ತರದ ಜೋಳವನ್ನು ತುಳಿದುಕೊಂಡು ಬಂತು. ದ್ರಾಕ್ಷಿಗೆ ಔಷಧ ಹೊಡೆಯುವ ದೊಡ್ಡ ಫ್ಯಾನಿನ ಬ್ಲೋವರ್ ಅದರ ಹಿಂದಿತ್ತು. ಯೋಗಿತಾ ಅದನ್ನು ಹಿಮ್ಮುಖವಾಗಿ ಬಾವಿಯ ದಂಡೆಗೆ ತಂದಳು. ಇನ್ನೊಂದು ಗೇಣು ಜಾರಿದ್ದರೆ ಟ್ರ್ಯಾಕ್ಟರೇ ಒಳಗೆ ಬೀಳುತ್ತಿತ್ತು.

“ಗಾಲಿಗೆ ಕಲ್ಲು ಹಚ್ಚರಿ! ಔಷಧದ ನಳ ಬಂದ್ ಮಾಡೇನಿ, ಹೆದರಬ್ಯಾಡ್ರಿ. ಭಾವಾರ, ಈ ತಾಡಪತ್ರಿ ಹಿಡೀರಿ!”

ಯಾಕೆಂದು ಕೇಳಲು ಧರೆಪ್ಪನಿಗೆ ಪುರಸೊತ್ತಿರಲಿಲ್ಲ. ಇಬ್ಬರೂ ಸೇರಿ ದಪ್ಪ ಟಾರ್ಪಾಲಿನ ಆ ತಾಡಪತ್ರಿಯನ್ನು ಕೊಳವೆಯಂತೆ ಫ್ಯಾನಿನ ಬಾಯಿಗೆ ಸುತ್ತಿ ಬಿಗಿದು, ಇನ್ನೊಂದು ತುದಿಯನ್ನು ಬಾವಿಗೆ ಇಳಿಬಿಟ್ಟರು. ಫ್ಯಾನು ಗುಡುಗಿತು. ತಾಡಪತ್ರಿ ಆನೆಯ ಸೊಂಡಿಲಿನಂತೆ ಉಬ್ಬಿ ಒದ್ದಾಡಿತು. ಕೆಳಗೆ ನೀರು ನಡುಗಿತು. ಬಾಬುವಿನ ಅಂಗಿ ಪಟಪಟ ಹಾರತೊಡಗಿತು.

“ಕೈ ಅಳ್ಳಾಡಸ್ಯಾನ!” ಇಂದ್ರವ್ವ ಚೀರಿದಳು.

ಧರೆಪ್ಪ ಜಿಗಿಯುವಂತೆ ಮುಂದೆ ಬಂದ. “ಇನ್ನೂ ತಡೀರಿ” ಎಂದಳು ಯೋಗಿತಾ. ಅವಳ ತುಟಿ ನಿಮಿಷ ಎಣಿಸುತ್ತಿತ್ತು. ತುಟಿ ಕಚ್ಚಿದ ಜಾಗದಲ್ಲಿ ರಕ್ತ ಬಂದಿತ್ತು. ಇಡೀ ಓಣಿ ಅವಳನ್ನು ಬೈಯುತ್ತಿತ್ತು, ಫ್ಯಾನಿನ ಸದ್ದಿನಲ್ಲಿ ಅವಳಿಗೆ ಒಂದೂ ಕೇಳುತ್ತಿರಲಿಲ್ಲ. ಹಾಗೆ ಎಷ್ಟೋ ಹೊತ್ತು ನಿಂತು, ಕೊನೆಗೆ ಹೆಗಲ ಮೇಲಿನ ಹಗ್ಗ ಬಿಚ್ಚಿ ತಾನೇ ಭಾವನ ನಡುವಿಗೆ ಕಟ್ಟಿದಳು.

“ಚೂರು ತಲಿ ತಿರಗಿದ್ರೂ ಹಗ್ಗ ಜಗ್ರಿ. ನಾವು ಎಳಕೋತೇವಿ.”

ಧರೆಪ್ಪ ಇಳಿದ. ಹಗ್ಗ ಬಿಗಿಯಾಯಿತು. ಹತ್ತು ಜನ ಕಾಲೂರಿ ಎಳೆದರು. ತಮ್ಮನನ್ನು ಹೆಗಲ ಮೇಲೆ ಹಾಕಿಕೊಂಡು ಅಣ್ಣ ಬಾವಿಯ ಬಾಯಿಗೆ ಬಂದಾಗ ಶಿಳ್ಳೆ ಬಿದ್ದವು, ಮೊಬೈಲುಗಳು ಮೇಲೆದ್ದವು. “ವೀರ ಅಂದ್ರ ಇಂವಾ!” ಎಂದು ಜನ ಧರೆಪ್ಪನನ್ನು ಎತ್ತಿ ಕುಣಿದರು. ಯೋಗಿತಾ ಗಂಡನ ಮೂಗಿನ ಬಳಿ ಕೈ ಹಿಡಿದು ನೋಡಿ, ಹೋಗಿ ಟ್ರ್ಯಾಕ್ಟರ್ ಬಂದ್ ಮಾಡಿದಳು.

ಸಂಜೆ ಮಿರಜಿನ ಆಸ್ಪತ್ರೆಯಲ್ಲಿ ಬಾಬು ಕಣ್ಣು ಬಿಟ್ಟು ನೀರು ಕೇಳಿದ. ಹೊರಬಂದ ಡಾಕ್ಟರು ಧರೆಪ್ಪನನ್ನು ಮರಾಠಿಯಲ್ಲಿ ವಿಚಾರಿಸಿದರು: “ಇವರ ಹಿಂದೆ ಎಷ್ಟು ಜನ ಇಳಿದಿದ್ದರು?”

“ಗಾಳಿ ಬಿಡೂತನಕ ಒಬ್ಬರೂ ಇಲ್ರಿ. ಈಕಿ ಬಿಡಲಿಲ್ಲ.”

ಡಾಕ್ಟರು ಯೋಗಿತಾಳನ್ನು ದಿಟ್ಟಿಸಿ ನೋಡಿದರು. “ಇಂಥ ಬಾವಿಯಿಂದ ನಮ್ಮಲ್ಲಿಗೆ ಒಬ್ಬರೇ ಬರುವುದು ಅಪರೂಪ” ಎಂದು ಹೇಳಿ ಹೋದರು.

ಬೆಂಚಿನ ಮೇಲೆ ಇಬ್ಬರೂ ದೂರ ದೂರ ಕುಳಿತರು. ಧರೆಪ್ಪನ ಫೋನು ಒಂದೇ ಸಮನೆ ರಿಂಗಣಿಸುತ್ತಿತ್ತು. ವಿಡಿಯೋ ನೋಡಿದವರೆಲ್ಲ ಅವನನ್ನೇ ಹೊಗಳುತ್ತಿದ್ದರು. ಅವನು ಅದನ್ನು ಬಂದ್ ಮಾಡಿ ಕಿಸೆಗೆ ಹಾಕಿದ.

“ನಮ್ಮ ಆಟದಾಗ ನುಗ್ಗಾಂವಗ ಪಾತ್ರ ಐತಿ” ಎಂದ. “ತಡಿಯಾಂವಗ ಒಂದ ಮಾತೂ ಬರದಿಟ್ಟಿಲ್ಲ.”

ಯೋಗಿತಾ ಕೊರಳಲ್ಲಿದ್ದ ಬಟ್ಟೆ ಬಿಚ್ಚಿ ಮಡಚತೊಡಗಿದಳು.

“ಒಂದ ವ್ಯಾಳೆ ಬಾಬು ಉಳೀದ ಹೋಗಿದ್ರ?” ಧರೆಪ್ಪ ಕೇಳಿದ.

“ಗಂಡನ್ನ ಕೊಂದಾಕಿ ಅಂತಿತ್ತು ಊರು. ಸಾಯೂತನಕ ಅಂತಿತ್ತು. ನೀವೂ ಅಂತಿದ್ರಿ.” ಅವಳು ಕಣ್ಣೊರೆಸಿಕೊಂಡು, ಮೊದಲ ಸಲ ಭಾವನ ಮುಖ ನೋಡಿ ಹೇಳಿದಳು: “ಅನ್ನಾಕ ನೀವಾದ್ರೂ ಇರತಿದ್ರಿ.”