ಕರೆಂಟಿಲ್ಲದ ದಿನದ ಲೆಕ್ಕ

ಬಾಣಂತಿ ಅಕ್ಷಿತಾ ಮೈತುಂಬ ಹರಳೆಣ್ಣೆ ಹಚ್ಚಿಸಿಕೊಂಡು ಬಚ್ಚಲಿನ ಮಣೆ ಮೇಲೆ ಕೂತಿದ್ದಳು. ಅಜ್ಜಿ ಮಂಚಮ್ಮನ ಬಾಯಿ ನಿಂತಿರಲಿಲ್ಲ. "ನೆನ್ನೆ ಸಂಜೆ ಹೋದ ಕರೆಂಟು ಇನ್ನೂ ಬಂದಿಲ್ಲ. ಹಂಡೆ ಒಲೆ ಕೀಳ್ಸ್‌ಬುಟ್ಟು ಹೀಟ್ ಪಂಪು ಹಾಕುಸ್ದಲ್ಲ, ಈಗ ಬಾಣ್ತಿಗೆ ತಣ್ಣೀರು ಉಯ್ಯಾನಾ?"

ಗಾಳಿಯ ಶಾಖ ಹೀರಿ ನೀರು ಕಾಯಿಸುವ ಆ ಯಂತ್ರವನ್ನು ಸೌದೆ, ಗೀಸರುಗಳ ಖರ್ಚಿನೊಡನೆ ತೂಗಿ ನೋಡಿ, ಹಾಕಿದ ದುಡ್ಡು ನಾಲ್ಕೇ ವರ್ಷಕ್ಕೆ ಹುಟ್ಟುತ್ತದೆಂದು ಮನೆಯವರನ್ನು ಒಪ್ಪಿಸಿದ್ದವಳು ಅಕ್ಷಿತಾಳೇ. "ಕರೆಂಟಿಲ್ದಿದ್ ದಿನದ ಲೆಕ್ಕ ಎಲ್ಲೈತೆ?" ಎಂದು ಅಂದು ಕೇಳಿದ್ದವಳು ಅಜ್ಜಿಯೊಬ್ಬಳೇ. ಆ ಒಂದು ಮಾತಿಗಾಗಿ ಅಕ್ಷಿತಾ ಶಾಖ ಹಿಡಿದಿಡುವ ದಪ್ಪ ಹೊದಿಕೆಯ ದೊಡ್ಡ ಟ್ಯಾಂಕನ್ನೇ ತರಿಸಿದ್ದಳು. ಅದರ ಖರ್ಚೂ ಸೇರಿ ದುಡ್ಡು ಹುಟ್ಟುವ ನಾಲ್ಕು ವರ್ಷದ ಲೆಕ್ಕ ಆರಕ್ಕೇರಿತ್ತು, ಆಗಲಿ ಅಂದುಕೊಂಡಿದ್ದಳು.

"ನಲ್ಲಿ ತಿರುಗ್ಸಜ್ಜಿ," ಎಂದಳು, ಕಣ್ಣು ಕೂಡ ತೆರೆಯದೆ.

ಮಂಚಮ್ಮ ಬಕೆಟ್ಟು ತುಂಬಿಸಿ ಮೊಣಕೈ ಅದ್ದಿದಳು. ಥಟ್ಟನೆ ಎಳೆದುಕೊಂಡಳು. ಊರಿಗೆಲ್ಲ ಬಾಣಂತಿಯರ ನೀರು ಸುಡಬೇಕೆಂದು ಹೇಳುತ್ತಿದ್ದ ಆ ಮುದುಕಿ, ಬಾಗಿಲಿನತ್ತ ತಿರುಗಿ ಅಡುಗೆಮನೆಯಲ್ಲಿದ್ದ ಸೊಸೆಯನ್ನು ಕೂಗಿದಳು:

"ಬ್ಯಾಗ ಒಂದ್ ಬಿಂದ್ಗೆ ತಣ್ಣೀರ್ ತತ್ತಾರಮ್ಮಿ! ಇಂಗೇ ಉಯ್ದ್ರೆ ಬಾಣ್ತಿ ಬೆಂದೋಯ್ತಾಳೆ!"